ಮೂಲೆಗಲ್ಲಿನ ಇದ್ದಿಲು

ಶಾಂತಕ್ಕ, ನಿಮ್ಮ ಮೂಲೆಗಲ್ಲಿನ ಬುಡದಲ್ಲಿದ್ದ ಇದ್ದಿಲನ್ನು ತೆಗೆದವಳು ನಾನು. ಊರ ಹಿರಿಯರು ಅಗೆಸಿ ನೋಡಿದಾಗ ಸಿಗಲಿಲ್ಲವಲ್ಲ — ಹಿಂದಿನ ದಿನದವರೆಗೂ ಅದು ಅಲ್ಲೇ ಇತ್ತು.

ಇದನ್ನು ಬರೆಯುತ್ತಿರುವುದು ನಿಮ್ಮ ಕೈಗೆ ಕೊಡುವುದಕ್ಕಲ್ಲ. ನಾಳೆ ನಿಮ್ಮೆದುರು ನಿಂತಾಗ ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ ಎಂಬ ಅನುಮಾನ ನನಗೆ. ಇಷ್ಟು ವರ್ಷ ಊರವರನ್ನೆಲ್ಲ ಅನುಮಾನಿಸಿದವಳು ನಾನು, ನನ್ನನ್ನು ಮಾತ್ರ ಯಾಕೆ ಬಿಡಲಿ.

ನಮ್ಮ ಎರಡು ಮನೆಗಳ ನಡುವೆ ಬೇಲಿಯಾಗಿ ನಿಂತ ಶಹಾಬಾದಿ ಫರಸಿಕಲ್ಲುಗಳು ನಿಮ್ಮ ಮಾವನವರು ನೆಡಿಸಿದ್ದು. ಕಲ್ಲು ಯಾರದೋ ರಿಪೇರಿಯೂ ಅವರದೇ ಎಂದು ಆಗಲೇ ಮಾತಾಗಿತ್ತಂತೆ. ನಮ್ಮ ಆಡಕಿ ಊರಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರಲ್ಲಿ ನೆಟ್ಟ ಕಲ್ಲು ವಾಲದೆ ಇನ್ನೇನು ಮಾಡೀತು. ಪ್ರತಿವರ್ಷ ನಿಮ್ಮ ಯಜಮಾನರು ಭೀಮಣ್ಣ ಹಾರೆ ಹಿಡಿದು ಬಂದು ಅವನ್ನು ನೆಟ್ಟಗೆ ಮಾಡಿ, ಬುಡಕ್ಕೆ ಮಣ್ಣು ಗಟ್ಟಿಸಿ ಹೋಗುತ್ತಿದ್ದರು. ಅದು ಅವರ ಜವಾಬ್ದಾರಿ, ಅವರು ಮಾಡುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ — ಈ ಮನುಷ್ಯ ಯಾಕೆ ಇಷ್ಟು ಬೆವರು ಸುರಿಸುತ್ತಾನೆ? ಒಳಗೆ ಏನೋ ಇರಬೇಕು...

ಆಮೇಲೆ ಅವರಿಗೆ ಸೊಂಟನೋವು ಬಂತು, ಒಂದೆರಡು ವರ್ಷ ಹಾರೆ ಮುಟ್ಟಲಿಲ್ಲ. ಕಲ್ಲುಗಳು ಸಾಲಾಗಿ ನಮ್ಮ ಅಂಗಳದ ಕಡೆಗೇ ಬಾಗಿದವು. ಮತ್ತೆ ಅವರು ಹಾರೆ ಹಿಡಿದು ಬಂದ ದಿನ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

"ವರ್ಷಾ ವರ್ಷಾ ಕಲ್ಲು ಸರಸಿ ನಮ್ಮ ಜಾಗಾ ನುಂಗಾಕತ್ತೀರಿ! ನನಗೇನು ಕಣ್ಣಿಲ್ಲಂತ ತಿಳದೀರೇನು?"

ಭೀಮಣ್ಣ ಸಿಟ್ಟಾಗಲಿಲ್ಲ. "ಬುಡ ಎಲ್ಲಿತ್ತೋ ಅಲ್ಲೇ ಅದ, ತಂಗಿ. ತಲಿ ಅಷ್ಟೇ ವಾಲ್ಯಾದ. ಮೂಲಿಗಲ್ಲಿನ ಬುಡಕ್ಕ ನಮ್ಮಪ್ಪ ಇದ್ದಿಲು ಹಾಕ್ಯಾನ. ಹಿರ್ಯಾರನ್ನ ಕರಸು, ಅಗದು ನೋಡ್ಲಿ."

ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅದಕ್ಕೇ ಹಳಬರು ಗಡಿಯ ಗುರುತಿಗೆ ಅದನ್ನು ಹುಗಿಯುತ್ತಿದ್ದರು. ಆದರೂ ನಾನು ನಂಬಲಿಲ್ಲ. ಹಿರಿಯರು ಬರುವ ಮೊದಲೇ ನಿಮ್ಮ ಸುಳ್ಳನ್ನು ಕೈಯಾರೆ ಹಿಡಿಯಬೇಕೆಂದು, ನೀವಿಬ್ಬರೂ ತೊಗರಿ ಹೊಲಕ್ಕೆ ಹೋದ ಮಧ್ಯಾಹ್ನ, ನಮ್ಮ ಅಂಗಳದಿಂದಲೇ ಮೂಲೆಗಲ್ಲಿನ ಬುಡ ಅಗೆದೆ. ಮಣ್ಣು ಸಾಬೂನಿನ ವಾಸನೆ ಹೊಡೆಯಿತು. ನಮ್ಮ ಬಚ್ಚಲ ನೀರು ಬೇಲಿಯ ಗುಂಟ ಹರಿದು ಹರಿದು ನಮ್ಮ ಕಡೆಯ ಮಣ್ಣನ್ನೆಲ್ಲ ಮೆತ್ತಗೆ ಮಾಡಿತ್ತು — ಕಲ್ಲು ಬಾಗಿದ್ದು ಅದಕ್ಕೆ. ಇನ್ನೂ ಕೆಳಗೆ, ಸರಿಯಾಗಿ ಕಲ್ಲಿನ ಪಾದದಡಿ, ಕಪ್ಪು ಕಪ್ಪು ಇದ್ದಿಲು.

ನೆರೆಯವರು ಕಳ್ಳರಲ್ಲ ಎಂದು ತಿಳಿದರೆ ಯಾರಿಗಾದರೂ ನೆಮ್ಮದಿಯಾಗಬೇಕು. ನನಗೆ ಆಗಲಿಲ್ಲ. ಓಣಿಯ ಮುಂದೆ ಅಷ್ಟು ಬಾಯಿ ಮಾಡಿದ್ದೆನಲ್ಲ — ಇನ್ನು ಯಾವ ಮುಖ ಹೊತ್ತು ನಲ್ಲಿಗೆ ನೀರಿಗೆ ಹೋಗಲಿ? ಅಷ್ಟೇ ಕಾರಣ. ಜಾಗದ ಆಸೆಯೂ ಅಲ್ಲ. ಒಂದೊಂದು ಚೂರನ್ನೂ ಆರಿಸಿ ತೆಗೆದು ಗುಂಡಿ ಮುಚ್ಚಿದೆ. ಇದ್ದಿಲನ್ನು ಒಣಗಿಸಿ ಬಚ್ಚಲ ಒಲೆಗೆ ಹಾಕಿದೆ. ಚೆನ್ನಾಗಿಯೇ ಉರಿಯಿತು.

ಮರುದಿನ ಹಿರಿಯರು ಅಗೆಸಿದರು. ಏನೂ ಇರಲಿಲ್ಲ. ಭೀಮಣ್ಣ ಗುಂಡಿಯಲ್ಲಿ ಕೈಯಾಡಿಸಿದರು, ಮತ್ತೆ ಮತ್ತೆ... "ನಮ್ಮಪ್ಪ ಸುಳ್ಳು ಹೇಳಾಂವಲ್ಲ" ಎಂದು ಮೆಲ್ಲಗೆ ಅಂದರು. ಅದನ್ನು ಕೇಳಿಯೂ ನಾನು ಸೆರಗು ಸರಿಪಡಿಸಿಕೊಳ್ಳುತ್ತ ನಿಂತಿದ್ದೆ. ಹಿರಿಯರ ತೀರ್ಪಿನಂತೆ ಕಲ್ಲುಗಳು ಒಂದು ಮೊಳ ನಿಮ್ಮ ಕಡೆಗೆ ಹೋದವು. ನೆಡುವ ಕೆಲಸವೂ ನಿಮ್ಮದೇ ಪಾಲಿಗೆ ಬಂತು, ಕಲ್ಲು ನಿಮ್ಮವು ತಾನೆ.

ನಿಮ್ಮ ಗೋಡೆಗೂ ಬೇಲಿಗೂ ನಡುವಿನ ಸಂದಿಯಲ್ಲೇ ನಿಮ್ಮ ಎಮ್ಮೆ ಹಿತ್ತಲ ಕೊಟ್ಟಿಗೆಗೆ ಹೋಗುತ್ತಿತ್ತು. ಬೇರೆ ದಾರಿ ಇಲ್ಲವೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಲ್ಲು ಸರಿದು ಸಂದಿ ಕಿರಿದಾಯಿತು. ಗಬ್ಬದ ಎಮ್ಮೆ — ಹೊಟ್ಟೆ ಗೋಡೆಗೂ ಕಲ್ಲಿಗೂ ಉಜ್ಜಿ ನಡುವೆ ನಿಂತುಬಿಟ್ಟಿತು. "ಬಾ ಗೌರಿ, ಬಾ ನಮ್ಮವ್ವ" ಎಂದು ನೀವು ಕರೆಯುತ್ತಿದ್ದದ್ದು ಕಲ್ಲಿನ ಈಚೆ ನಿಂತ ನನಗೆ ಕೇಳುತ್ತಿತ್ತು. ಅದೇ ವಾರ ಅದನ್ನು ಮಾರಿದಿರಿ, ಸೇಡಂ ಕಡೆಯವರು ಬಂದು ಹೊಡೆದುಕೊಂಡು ಹೋದರು. ಮನೆಯಲ್ಲೇ ಹುಟ್ಟಿ ಬೆಳೆದ ಎಮ್ಮೆ. ನೀವು ಓಣಿಯ ತುದಿವರೆಗೆ ಹಿಂದೆ ಹಿಂದೆಯೇ ಹೋದಿರಿ.

ಆ ವರ್ಷದ ಎಳ್ಳ ಅಮಾವಾಸ್ಯೆಗೂ ನೀವು ಭಜ್ಜಿ, ಸಜ್ಜೆ ಕಡಬು ಕಳಿಸಿದಿರಿ. ನಾನು ಮೊದಲ ತುತ್ತನ್ನು ನಾಯಿಗೆ ಹಾಕಿ ನೋಡಿದೆ, ಶಾಂತಕ್ಕ. ಇವಳಿಗೆ ಗೊತ್ತಾಗಿದೆ, ಅದಕ್ಕೇ ಈ ಅಕ್ಕರೆ, ಏನೋ ಬೆರೆಸಿರಬೇಕು — ಎಂದು. ನೀವು ನಕ್ಕರೆ ಅನುಮಾನ, ನಗದಿದ್ದರೆ ಅನುಮಾನ. ಭೀಮಣ್ಣ ತೀರಿಕೊಂಡ ದಿನವೂ ನಾನು ಅತ್ತಿದ್ದಕ್ಕಿಂತ ನಿಮ್ಮ ಕಣ್ಣನ್ನೇ ಕಾಯ್ದದ್ದು ಹೆಚ್ಚು. ಅವರು ಇದ್ದಾಗಲೇ ಹೇಳಬಹುದಿತ್ತು. ತಂದೆಯ ಮಾತು ಸುಳ್ಳಾಯಿತೆಂಬ ಕೊರಗಿನಲ್ಲೇ ಅವರು ಹೋದರು.

ಈಗ ಹೊಸ ಜಾಗದಲ್ಲೂ ಕಲ್ಲುಗಳು ವಾಲಿವೆ, ನಮ್ಮ ಕಡೆಗೇ. ಇಂದು ಬೆಳಿಗ್ಗೆ ನೀವು ಬೇಲಿಯ ಆಚೆಯಿಂದ ಕರೆದಿರಿ.

"ತಂಗಿ, ಕಲ್ಲು ವಾಲ್ಯಾವ. ನಾಳಿಗಿ ಆಳು ಕರದು ನೆಟ್ಟಗ ಮಾಡಸ್ತೀನಿ. ನೀನೂ ಬಂದು ನಿಂದ್ರವ್ವ, ಆಮ್ಯಾಲ ಸರಸಿದ್ರಿ ಅನಬ್ಯಾಡ."

ಚುಚ್ಚಿದಿರೋ, ಹೆದರಿದಿರೋ — ದಿನವಿಡೀ ಅದನ್ನೇ ಯೋಚಿಸಿದೆ. ಹೆದರಿಕೆಯೇ. ನಿಮ್ಮದೇ ಕಲ್ಲು ಮುಟ್ಟಲು ನೀವು ನನಗೆ ಹೆದರುತ್ತೀರಿ.

ಬಚ್ಚಲ ನೀರನ್ನು ಸಂಜೆಯೇ ಬೇರೆ ಕಡೆ ತಿರುಗಿಸಿದ್ದೇನೆ. ನಾಳೆ ಬಂದು ನಿಲ್ಲುತ್ತೇನೆ. ಅಂದಿನ ಹಿರಿಯರಲ್ಲಿ ಉಳಿದವರನ್ನೂ ಕರೆಸಿದ್ದೇನೆ. ಅವರೆದುರೇ ಇದ್ದಿಲಿನ ಮಾತು ಹೇಳಿ, ಹಳೆಯ ಜಾಗ ತೋರಿಸಿ, ಮೊದಲ ಗುಂಡಿ ನಾನೇ ತೋಡುತ್ತೇನೆ. ಓಣಿಯವರು ಏನಾದರೂ ಅನ್ನಲಿ. ನೀವು ಕ್ಷಮಿಸುವುದು ಬೇಡ.

ಸಂದಿ ಮತ್ತೆ ಅಗಲವಾಗುತ್ತದೆ, ಶಾಂತಕ್ಕ. ಅದರಲ್ಲಿ ನಡೆದು ಕೊಟ್ಟಿಗೆಗೆ ಹೋಗಲು ಗೌರಿ ಇಲ್ಲ.