ಹಸಿರು ಕೆನ್ನೆಯ ಪಟ

ತಪ್ಪು ನನ್ನದೇ. ಚಿತ್ರಕಲೆಯ ನಮ್ಮ ಸರ್ ಜೋಪಾನವಾಗಿಟ್ಟಿದ್ದ ಪಟವನ್ನು ಗಿಣಿಗೇರಾದ ಮನೆಗೆ ಹೊತ್ತು ತಂದು, ಪಡಸಾಲೆಯಲ್ಲಿ ಖಾಲಿಯಿದ್ದ ಮೊಳೆಗೆ ತೂಗುಹಾಕಿದವನು ನಾನು. ಆ ಗೋಡೆಗೆ ಸತ್ತವರ ಪಟ ಮಾತ್ರ ಹಾಕುತ್ತಾರೆಂಬುದು ಹೊಳೆಯಲಿಲ್ಲ. ಹೊಳೆಯುವಷ್ಟು ಬುದ್ಧಿಯಿದ್ದರೆ ಇಷ್ಟೊತ್ತಿಗೆ ಚಿತ್ರಕಲೆ ಬಿಟ್ಟು ಬೇರೇನಾದರೂ ಓದುತ್ತಿದ್ದೆ.

ಅದು ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಯಾರೋ ಬರೆದ ಹುಡುಗಿಯ ಚಿತ್ರದ ಪ್ರತಿ. ಕೆನ್ನೆ ಹಸಿರು, ಒಂದು ಕಣ್ಣು ಬರೀ ಕಪ್ಪು ಗೀರು, ಕೈಗಳು ಅರ್ಧಕ್ಕೇ ಬಣ್ಣದಲ್ಲಿ ಕರಗಿಹೋಗಿವೆ. ಸೋಮವಾರ ತರಗತಿಯಲ್ಲಿ ಅದರ ಬಗ್ಗೆ ಮಾತಾಡಿ, ಪಟವನ್ನು ಹಿಂದಿರುಗಿಸಬೇಕಿತ್ತು. ಅವ್ವನೆದುರು ಸರ್ ದನಿಯಲ್ಲೇ ತಾಲೀಮು ಶುರುಮಾಡಿದೆ: "ನೋಡ್ರಿ, ಇಲ್ಲಿ ಕಲಾವಿದನ ತಳಮಳ ಐತಿ." ಆಮೇಲೆ ನನ್ನ ದನಿಯಲ್ಲಿ: "ತಳಮಳ ಅಲ್ರಿ ಸರ್, ಊಟಕ್ಕ ಕರದಾರ, ಬಿಟ್ಟು ಎದ್ದು ಹೋಗ್ಯಾನ."

ನನ್ನ ಯಾವ ಮಂಗಾಟಕ್ಕೂ ನಗುವ ಅವ್ವ ಅವತ್ತು ನಗಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಪಟದ ಗಾಜಿಗೆ, ಸರಿಯಾಗಿ ಹುಡುಗಿಯ ಹಣೆಯ ಮೇಲೆ, ಕುಂಕುಮ. ಚೌಕಟ್ಟಿಗೆ ಕಣಗಲ ಹೂವು.

"ಇಕಿ ಯಾವ ಕಡಿ ಬೀಗತಿ ಆಗಬೇಕವ್ವಾ ನಮಗ?" ಎಂದು ಕೆಣಕಿದೆ.

"ನಿಮ್ಮಕ್ಕ ಅಂತ ತಿಳ್ಕೊ," ಎಂದಳು.

ನಾನು ಹುಟ್ಟುವ ಮೊದಲೇ, ಆರು ವರ್ಷದ ಅಕ್ಕ ಜ್ವರಕ್ಕೆ ತೀರಿಕೊಂಡಿದ್ದಳು. ಅವಳದೊಂದು ಫೋಟೊ ಕೂಡ ಮನೆಯಲ್ಲಿಲ್ಲ. ಆ ಮೊಳೆಯನ್ನು ಅವಳಿಗೆಂದೇ ಹೊಡೆಸಿದ್ದರಂತೆ. ಹಾಕಲು ಏನೂ ಇರದೆ ಹಾಗೇ ಉಳಿದಿತ್ತು.

"ಸೋಮವಾರ ಸರ್‌ಗೆ ಕೊಡಬೇಕಲ್ಲವ್ವಾ," ಎಂದೆ. ಅವಳು ಸೆರಗಿನಿಂದ ಚೌಕಟ್ಟಿನ ಧೂಳು ಒರೆಸಿದಳು.

ಸೋಮವಾರ ಪಟ ಇಳಿಸಲು ಹೋದಾಗ ಅವಳೂ ಬಂದು ಚೌಕಟ್ಟಿನ ಇನ್ನೊಂದು ಅಂಚು ಹಿಡಿದು ನಿಂತಳು. ಕಿತ್ತುಕೊಳ್ಳಲು ಕೈ ಬರಲಿಲ್ಲ. ನನಗೆ ಗೊತ್ತಿರುವುದು ತಮಾಷೆ ಒಂದೇ, ಅದನ್ನೇ ಮಾಡಿದೆ: "ಮೂಗು ಸೊಟ್ಟ, ಕಣ್ಣು ಒಂದ. ಬರದಾವಗ ಒಂದು ಮಾರಿ ಪೂರಾ ಬರಿಯಾಕ ಬಂದಿಲ್ಲ. ಇದ್ರಾಗ ಅಕ್ಕ ಎಲ್ಲಿ ಕಂಡ್ಲು ನಿನಗ?"

ಅದಕ್ಕೆ ಅವ್ವ ಕೊಟ್ಟ ಉತ್ತರವನ್ನು ಅದೇ ದಿನ ತರಗತಿಯಲ್ಲಿ, ಬರಿಗೈಯಲ್ಲಿ ನಿಂತು, ಯಾರ ದನಿಯನ್ನೂ ತೆಗೆಯದೆ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಪಟವನ್ನು ಇವತ್ತಿನವರೆಗೂ ಕೇಳಿಲ್ಲ. ಅವ್ವ ಅಂದದ್ದು ಇಷ್ಟೇ:

"ನನಗೂ ಆಕಿ ಮಾರಿ ಈಗ ಇಷ್ಟಽ ನೆನಪೈತೋ. ಪೂರಾ ನೆನಪಿದ್ದಿದ್ರ ಪಟ ಯಾಕ ಬೇಕಿತ್ತು ನನಗ?"