ಆರುತ್ತಿದ್ದ ಪೈಲಟ್ಟು

ರಾಯದುರ್ಗದ ಜಂಬಯ್ಯ ಸೀಮೆಎಣ್ಣೆ ಸ್ಟೌ ಕಾಲದಿಂದ ಬೆಂಕಿಯ ಜೊತೆಗೇ ಬಾಳಿದವನು. ನಡುವೆ ಆರು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಬಾಯ್ಲರ್ ನೋಡಿಕೊಂಡಿದ್ದು, ತಾಯಿ ಹಾಸಿಗೆ ಹಿಡಿದ ಮೇಲೆ ವಾಪಸು ಬಂದ. ಊರಲ್ಲಿ ಬೀದಿಗೆರಡು ಜೀನ್ಸ್ ಹೊಲಿಯುವ ಯೂನಿಟ್ಟು ಎದ್ದಾಗ ಇಸ್ತ್ರಿಗೆ ಹಬೆ ಕೊಡುವ ಗ್ಯಾಸ್ ಬಾಯ್ಲರುಗಳೂ ಬಂದವು. ರಿಪೇರಿಗೆ ಅವನನ್ನೇ ಕರೆಯುತ್ತಿದ್ದರು.

ಆ ಆಷಾಢದಲ್ಲಿ ಕದರಪ್ಪನ ಯೂನಿಟ್ಟಿನಿಂದ ವಾರದೊಳಗೆ ಮೂರನೇ ಸಲ ಕರೆ ಬಂತು. ಬಾಯ್ಲರಿನಲ್ಲಿ ಸದಾ ಉರಿಯುತ್ತಿರಬೇಕಾದ ಪುಟ್ಟ ಜ್ವಾಲೆ, ಪೈಲಟ್ಟು, ನಿಲ್ಲುತ್ತಿರಲಿಲ್ಲ. ಜಂಬಯ್ಯ ನಳಿಕೆ ಊದಿದ್ದ, ಸೆನ್ಸರ್ ಬದಲಿಸಿದ್ದ. ಬೆಳಿಗ್ಗೆ ನೆಟ್ಟಗೆ ಉರಿದದ್ದು ಮಧ್ಯಾಹ್ನಕ್ಕೆ ಆರಿರುತ್ತಿತ್ತು.

“ಆ ಗ್ಯಾಸಿನ ಗುಂಡಿ ಒತ್ತಿ, ಮೇಲೇಳದಂಗ ತಂತಿ ಬಿಗಿದುಬಿಡ್ರಿ. ನಾಳೆ ಲೋಡ್ ಹೋಗಬೇಕು,” ಎಂದ ಕದರಪ್ಪ.

“ಆಗಂಗಿಲ್ರಿ. ಜ್ವಾಲಿ ಆರಿದ್ರ ಗ್ಯಾಸ್ ನಿಲ್ಲಲಿ ಅಂತನ ಅದು ಇರೋದು.”

ಈ ಸಲ ಜಂಬಯ್ಯ ಏನನ್ನೂ ಬಿಚ್ಚದೆ ಬಾಯ್ಲರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಊಟದ ಹೊತ್ತು ಕಳೆಯಿತು. ನೀಲಿ ಜ್ವಾಲೆ ಹಳದಿಗೆ ತಿರುಗಿತು, ಬುಡ ಬಿಟ್ಟು ಮೇಲೆದ್ದು ತೂಗಾಡಿತು. ಹೊರಗೆ ಗಾಳಿ ತಗಡು ಬಡಿಯುತ್ತಿತ್ತು; ಒಳಗೆ ಒಂದು ದಾರದೆಳೆಯೂ ಅಲುಗುತ್ತಿರಲಿಲ್ಲ. ಧೂಳು ಬಾರದಂತೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು.

“ಅಣ್ಣಾ, ಗುಳಿಗಿ ಏನರ ಐತೇನು?” ಇಸ್ತ್ರಿ ಮಾಡುತ್ತಿದ್ದ ತಿಪ್ಪಕ್ಕ ಹಣೆ ಒತ್ತಿಕೊಂಡು ಕೇಳಿದಳು. “ತಲಿ ಸಿಡೀತೈತಿ. ದಿನಾ ಈ ಹೊತ್ತಿಗೆ ಹಿಂಗ. ಎಲ್ಲಾರಿಗೂ.”

ಅಷ್ಟರಲ್ಲಿ ಜ್ವಾಲೆ ಆರಿತು. ಬಾಯ್ಲರಿನ ಹೊಗೆ ಹೊರಗೆ ಹೋಗದೆ ಈ ಕೋಣೆಯಲ್ಲೇ ತುಂಬುತ್ತಿದೆ, ಬೆಂಕಿಗೂ ಮನುಷ್ಯರಿಗೂ ಇಲ್ಲಿ ಗಾಳಿ ಉಳಿದಿಲ್ಲ ಎಂದು ಜಂಬಯ್ಯನಿಗೆ ಹೊಳೆಯಿತು.

“ಹೊರಗ ನಡೀರಿ! ಬಟ್ಟಿ ಅಲ್ಲೇ ಬಿಡ್ರಿ!”

ಗ್ಯಾಸ್ ಬಂದ್ ಮಾಡಿ, ಸ್ಕ್ರೂಡ್ರೈವರಿನಿಂದ ಪ್ಲಾಸ್ಟಿಕ್ ಸೀಳಿದ. ಹೆಂಗಸರು ತಟ್ಟಾಡುತ್ತ ಮೆಟ್ಟಿಲಿಗೆ ಬಂದರು. ತಿಪ್ಪಕ್ಕ ಸುತ್ತ ನೋಡಿ ಚೀರಿದಳು: “ಅರ್ಚನಾ ಎಲ್ಲಿ?”

ಗುಂಡಿ ಹೊಲಿಯುವ ಹುಡುಗಿ ಅರ್ಚನಾ ಮೂಲೆಯ ಪ್ಯಾಂಟು ರಾಶಿಗೆ ಒರಗಿ ಮಲಗಿದ್ದಳು. ಎಬ್ಬಿಸಿದರೆ ಕತ್ತು ವಾಲಿತು. ಜಂಬಯ್ಯ, ಕದರಪ್ಪ ಅವಳನ್ನು ಎತ್ತಿ ಆಟೋಗೆ ಹಾಕಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಸಂಜೆ ಕಣ್ಣು ತೆರೆದಳು, ಆದರೆ ತನ್ನ ತಾಯಿ ಮುಂದೆ ನಿಂತರೂ ಬಹಳ ಹೊತ್ತು ಗುರುತಿಸಲಿಲ್ಲ.

ಯೂನಿಟ್ಟಿಗೆ ಮರಳಿ ಜಂಬಯ್ಯ ಮಾಳಿಗೆ ಹತ್ತಿ ನೋಡಿದ. ಹೊಗೆ ಕೊಳವೆಯ ಬಾಯ್ತುಂಬ ಪಾರಿವಾಳದ ಗೂಡು. ಹಿಂದೆಯೇ ಕದರಪ್ಪನೂ ಹತ್ತಿ ಬಂದ.

“ಎರಡು ಸಲ ಬಂದ್ರೂ ನಾನೂ ಕುರುಡನಾಗಿದ್ನ್ರಿ,” ಎಂದ ಜಂಬಯ್ಯ.

ಮನೆಗೆ ಹೋಗುವಾಗ ಪಕ್ಕದ ಬೀದಿಯ ಯೂನಿಟ್ಟಿನ ಮುಂದೆ ಸೈಕಲ್ ನಿಲ್ಲಿಸಿದ. ಬಾಗಿಲು ಮುಚ್ಚಿತ್ತು, ಕಿಟಕಿಗಳಿಗೆ ಇಲ್ಲೂ ಪ್ಲಾಸ್ಟಿಕ್ ಹೊಡೆದಿತ್ತು, ಒಳಗೆ ಮಷಿನುಗಳು ಓಡುತ್ತಿದ್ದವು. ಯಾರಾದರೂ ತೆರೆಯುವವರೆಗೂ ಅಂಗೈಯಿಂದ ಬಡಿಯುತ್ತಲೇ ಇದ್ದ.