ಕಡಲೆಕಾಯಿ ಪರಿಷೆಯ ವಿಮಾನ

ನಮ್ಮ ಯಜಮಾನರು ಜಯದೇವಪ್ಪನವರಿಗೆ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಗೋಣಿಚೀಲದ ಅಂಗಡಿ ಇತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ, ಬೆಂಗಳೂರಿನ ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಬೀದಿಗಳಲ್ಲಿ ನಡೆಯುತ್ತದೆ. ಚೀಲ ತರುವ ನೆವ ಹೇಳಿ ಮೂರು ದಿನ ಮೊದಲೇ ರೈಲು ಹತ್ತುತ್ತಿದ್ದರು.

ಬಂದಮೇಲೆ ಸಂಕ್ರಾಂತಿಯವರೆಗೂ ಅದೇ ಮಾತು.

"ಲೇ ಪಂಕಜಾಕ್ಷಿ, ರಸ್ತೆ ಉದ್ದಕ್ಕೂ ರಾಶಿ ಕಣೇ. ಸಿಪ್ಪೆ ಮೇಲೆ ಕಾಲಿಟ್ರೆ ಚರಚರ ಅಂತದೆ. ಕಾರಲ್ಲಿ ಬಂದೋನೂ ಬರಿಗಾಲೋನೂ ಒಂದೇ ರಾಶೀಗೆ ಕೈ ಹಾಕ್ತಾರೆ!"

ಪ್ರತಿ ಸಲ ಒಂದು ಫೋಟೋ ತರುತ್ತಿದ್ದರು. ಅಲ್ಲಿ ಒಂದು ಗುಡಾರದಲ್ಲಿ ಹಲಗೆಯ ಮೇಲೆ ವಿಮಾನದ ಚಿತ್ರ ಬರೆದು ನಿಲ್ಲಿಸಿರುತ್ತಾರಂತೆ. ಹಿಂದೆ ಕೂತರೆ ವಿಮಾನದಲ್ಲೇ ಕೂತ ಹಾಗೆ. ಫೋಟೋದಲ್ಲಿ ಇವರು ಹಲ್ಲು ಬಿಟ್ಟುಕೊಂಡು ಕೂತಿದ್ದಾರೆ. ಪಕ್ಕದ ಸೀಟು ಖಾಲಿ.

"ಇದು ನಿಂದು ಕಣೇ. ಬರೋ ವರ್ಷ ನೀನೇ ಕೂತ್ಕೊಳ್ಳೀವಂತೆ."

ನಾನು ಓದಿದ್ದು ಮೂರನೇ ಕ್ಲಾಸು. ನಂಬಿದೆ.

ಬರೋ ವರ್ಷ ಬಂದರೆ, "ಅಮ್ಮನ್ನ ಯಾರ್ ನೋಡ್ತಾರೆ?" ಅತ್ತೆ ತೀರ್ಥಮ್ಮ ಹಾಸಿಗೆ ಹಿಡಿದಿದ್ದರು. ಎಂಟು ವರ್ಷ ಅವರ ಹೇಲು ಉಚ್ಚೆ ಬಳಿದೆ. ಪೆಟ್ಟಿಗೆಯಲ್ಲಿ ಎಂಟು ಫೋಟೋ ಸೇರಿದವು.

ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅತ್ತೆ ಹೋದರು. ಆ ಕಾರ್ತಿಕಕ್ಕೆ ನಾನು ಸೀರೆಗೆ ಗಂಜಿ ಹಾಕಿ ಇಟ್ಟುಕೊಂಡೆ.

"ವರ್ಷ ತುಂಬಿಲ್ಲ. ಪರಿಷೆ ಗಿರಿಷೆ ಅಂದ್ರೆ ಜನ ಏನಂತಾರೆ?" ಅಂದರು.

"ರೀ, ನಮ್ಮಲ್ಲಿ ಸೂತಕ ಇಲ್ಲ ಅಂತ ಮಠದಲ್ಲೇ ಹೇಳ್ತಾರಲ್ಲ?"

"ಅದು ಹೇಳೋಕೆ ಕಣೇ."

"ಸತ್ತಿದ್ದು ನಿಮ್ಮವ್ವ. ನೀವ್ ಹೆಂಗ್ ಹೋಗ್ತೀರಿ?"

"ನಾನ್ ಹೋಗೋದು ಚೀಲಕ್ಕೆ."

ಚೀಲದ ಜೊತೆ ಒಂಬತ್ತನೇ ಫೋಟೋ ಬಂತು.

ಮರುವರ್ಷ ಆಶ್ವಯುಜದಲ್ಲಿ ಅಂಗಡಿಯ ಚೀಲದ ರಾಶಿಯ ಮೇಲೆ ಎದೆ ಹಿಡಿದುಕೊಂಡು ಬಿದ್ದರು. ಏಳಲಿಲ್ಲ. ನಮ್ಮಲ್ಲಿ ಹೆಣ ಮಲಗಿಸುವುದಿಲ್ಲ. ಕೂರಿಸುತ್ತಾರೆ. ಬಾಳೆದಿಂಡು, ಹೂವು ಕಟ್ಟಿ ವಿಮಾನ ಮಾಡಿ, ಅದರಲ್ಲಿ ಕೂರಿಸಿಯೇ ಹೊತ್ತುಕೊಂಡು ಹೋಗುತ್ತಾರೆ. ಹೊರಡುವ ಮೊದಲು ಸ್ಟುಡಿಯೋದ ಅಸದುಲ್ಲಾ ಕ್ಯಾಮೆರಾ ತಂದ.

"ಅಮ್ಮಾ, ಪಕ್ಕಕ್ಕೆ ಕೂತ್ಕಳಿ," ಅಂದ.

ಕೂತೆ. ನಾವಿಬ್ಬರೂ ಇರುವ ಫೋಟೋ ಅದೊಂದೇ.

ಗೋಡೆಗೆ ಹಾಕಲು ನಾನು ಪೆಟ್ಟಿಗೆಯಿಂದ ಪರಿಷೆಯ ಒಂದು ಫೋಟೋ ತೆಗೆದೆ. ಭಾವ ಷಡಕ್ಷರಿ ಮುಖ ಗಂಟಿಕ್ಕಿದರು.

"ವಿಮಾನದಲ್ಲಿ ಕೂತಿರೋದನ್ನ ಹಾಕ್ತೀಯಾ? ಜನ ನಗ್ತಾರೆ."

"ಮೊನ್ನೆ ನೀವೇ ಅಲ್ವಾ ವಿಮಾನದಲ್ಲಿ ಕೂರಿಸಿ ಕಳಿಸಿದ್ದು? ಆಗ ಯಾರ್ ನಕ್ರು?"

ಮೊಳೆ ನಾನೇ ಹೊಡೆದೆ.

ವರ್ಷ ಕಳೆದು ಕಾರ್ತಿಕ ಬಂತು. ಪಕ್ಕದ ಮನೆಯ ಮಹಬೂಬ್ ಬಿ ಬೆಂಗಳೂರಿಗೆ ಮಗಳ ಮನೆಗೆ ಹೊರಟಿದ್ದಳು. "ಬಾ ಅಕ್ಕ, ಯಾರನ್ನ ಕೇಳ್ಬೇಕು ಈಗ?" ಅಂದಳು. ಹೋದೆ.

ಅವರು ಸುಳ್ಳು ಹೇಳಿರಲಿಲ್ಲ. ರಸ್ತೆಯ ಉದ್ದಕ್ಕೂ ರಾಶಿ. ಸಿಪ್ಪೆ ಚರಚರ ಅಂದಿತು. ಬಿಸಿ ಕಡಲೆಕಾಯಿ ಸೆರಗಿಗೆ ಹಾಕಿಸಿಕೊಂಡು ತಿನ್ನುತ್ತಾ ನಡೆದೆ. ಯಾರೂ ನನ್ನ ಬರಿ ಹಣೆ ನೋಡಲಿಲ್ಲ. ಒಂದು ತಾಸು ಖುಷಿಯಾಗಿಯೇ ಇದ್ದೆ. ಇಷ್ಟು ಚೆನ್ನಾಗಿರುವುದನ್ನು ಒಂಬತ್ತು ವರ್ಷ ಒಬ್ಬರೇ ನೋಡಿದರಲ್ಲ ಅಂತ ಆಮೇಲೆ ಹೊಟ್ಟೆ ಉರಿಯಿತು.

ಗುಡಾರ ಸಿಕ್ಕಿತು. ಅದೇ ವಿಮಾನ.

"ನನಗೆ ಆ ಪಕ್ಕದ ಸೀಟು," ಅಂದೆ.

ಫೋಟೋದವನು ನಕ್ಕ. "ಅದು ಬರೀ ಬಣ್ಣ ಕಣಮ್ಮ. ಹಿಂದಕ್ಕೆ ಬಂದು ನೋಡಿ."

ಹಲಗೆಯ ಹಿಂದೆ ಒಂದು ಸ್ಟೂಲು. ಅದರ ಪಕ್ಕ ಗುಡಾರದ ಕಂಬ. ಇಲಿ ಕೂರಲೂ ಜಾಗವಿಲ್ಲ.

"ಗಂಡ ಹೆಂಡ್ತಿ ಬಂದ್ರೆ?"

"ಅಗೋ, ಕಾರಿನ ಹಲಗೆ ಐತಲ್ಲ. ಇಬ್ರು ಬಂದ್ರೆ ಕಾರು. ವಿಮಾನ ಒಬ್ರಿಗೇ."

ಒಂಬತ್ತು ಸಲ ಈ ಸ್ಟೂಲಿನ ಮೇಲೆ ಕೂತವರಿಗೆ ಇದು ಗೊತ್ತಿತ್ತು.

ನಾನೂ ಅದರ ಮೇಲೆ ಕೂತೆ.

"ಸ್ವಲ್ಪ ನಗಿ ಅಮ್ಮ."

"ನೀನು ತೆಗಿ," ಅಂದೆ.

ಆ ಫೋಟೋವನ್ನು ಅವರ ಫೋಟೋದ ಪಕ್ಕಕ್ಕೆ ಮೊಳೆ ಹೊಡೆದು ಹಾಕಿದ್ದೇನೆ. ಅವರು ನಗುತ್ತಿದ್ದಾರೆ, ನಾನಿಲ್ಲ. ಪಕ್ಕದ ಸೀಟು ಎರಡರಲ್ಲೂ ಖಾಲಿ.